ನಾಟಿಯ ಲೆಕ್ಕ

ಭದ್ರಾ ನಾಲೆಗೆ ನೀರು ಬಿಟ್ಟರೆಂದರೆ ನಮ್ಮ ಮಲೆಬೆನ್ನೂರಿನ ಕಡೆ ಆಳುಗಳಿಗೆ ಬರ. ಎಲ್ಲರ ಗದ್ದೆಯೂ ಒಂದೇ ಸಲ ನಾಟಿಗೆ ಬರುತ್ತದೆ. ಆಗ ಅಜ್ಜ ಒಂದು ಲೆಕ್ಕ ಹೇಳುತ್ತಿದ್ದ: 10 ಹೆಣ್ಣಾಳುಗಳು 2 ದಿನ ನೆಡುವ ಗದ್ದೆಯನ್ನು 20 ಆಳು ಒಂದೇ ದಿನದಲ್ಲಿ ಮುಗಿಸುತ್ತಾರೆ. ತಡವಾಯಿತೇ, ಆಳು ಹೆಚ್ಚಿಸು. ಸಾಲಿನಲ್ಲಿ ಬಗ್ಗಿ ಸಸಿ ನೆಡುವವಳು ಕೆಲಸದ ಬಗ್ಗೆ ಪಕ್ಕದವಳನ್ನು ಕೇಳಿ ತಿಳಿಯಬೇಕಾದದ್ದು ಏನೂ ಇಲ್ಲ. ಅಲ್ಲಿ ಆಡುವ ಮಾತೆಲ್ಲ ಊರ ಸುದ್ದಿ.

ಈ ಲೆಕ್ಕವನ್ನು ಬುತ್ತಿಯ ಹಾಗೆ ಕಟ್ಟಿಕೊಂಡು ನಾನು ಬೆಂಗಳೂರಿಗೆ ಹೋದೆ. 2011ರಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮೊದಲ ಬಾರಿಗೆ 4 ಜನರ ತಂಡ ನನ್ನ ಕೈಗೆ ಬಂತು. ಕೆಲಸ ಒಂದು ತಿಂಗಳು ಹಿಂದೆ ಬಿದ್ದಾಗ ಇನ್ನೂ 6 ಜನರನ್ನು ಕೇಳಿ ಪಡೆದೆ. ಹೊಸಬರಿಗೆ ಕೋಡ್ ಅರ್ಥ ಮಾಡಿಸುವುದರಲ್ಲೇ ಹಳೆಯ ನಾಲ್ವರ ಹಗಲು ಕಳೆಯುತ್ತಿತ್ತು, ತಮ್ಮ ಕೆಲಸಕ್ಕೆ ಅವರಿಗೆ ಉಳಿದದ್ದು ರಾತ್ರಿ. ಒಬ್ಬ ಸರಿಪಡಿಸಿದ್ದನ್ನು ಇನ್ನೊಬ್ಬ ತಿಳಿಯದೆ ಕೆಡಿಸುತ್ತಿದ್ದ. ಒಂದು ತಿಂಗಳ ವಿಳಂಬ ಮೂರು ತಿಂಗಳಾಯಿತು. ನಾಲ್ವರಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗಿ ರಾಜೀನಾಮೆ ಕೊಟ್ಟಳು. ಮೇಲಿನವರ ಸಭೆಯಲ್ಲಿ ನಾನು, ಜನ ಸಿಕ್ಕಿದ್ದು ತಡವಾಯಿತು ಎಂದೆ.

ಈ ತಪ್ಪು ನನಗಿಂತ ಹಳೆಯದು ಎಂದು ಗೊತ್ತಾದದ್ದು ಆಮೇಲೆ. 1964ರ ಏಪ್ರಿಲ್‌ನಲ್ಲಿ ಅಮೆರಿಕದ ಐಬಿಎಂ ತನ್ನ ಸಿಸ್ಟಮ್ 360 ಕಂಪ್ಯೂಟರುಗಳನ್ನು ಘೋಷಿಸಿತು. ಅವಕ್ಕೆ ಬೇಕಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಹೊಣೆ ಹೊತ್ತವನು ಫ್ರೆಡ್ ಬ್ರೂಕ್ಸ್. ಅದರ ಸ್ವರೂಪ ಹೇಗಿರಬೇಕೆಂದು ಬರೆಯುವ ಹಂತದಲ್ಲಿ ಅವನ ಮುಂದೆ ಎರಡು ದಾರಿಗಳಿದ್ದವು. 10 ಜನರ ಒಂದು ತಂಡ, ನಾವು ಸರಿಯಾಗಿ ಬರೆಯುತ್ತೇವೆ, ಆದರೆ 10 ತಿಂಗಳು ಬೇಕು ಎಂದಿತು. ಅದು ಗಡುವಿಗಿಂತ 3 ತಿಂಗಳು ಹೆಚ್ಚು. 150 ಜನರ ಇನ್ನೊಂದು ತಂಡದ ಮುಖ್ಯಸ್ಥ, ಗಡುವಿನೊಳಗೇ ಮುಗಿಸುತ್ತೇವೆ, ಇಲ್ಲದಿದ್ದರೆ ನನ್ನ ಜನ ಸುಮ್ಮನೆ ಕೂರಬೇಕಾಗುತ್ತದೆ ಎಂದ. ಬ್ರೂಕ್ಸ್ 150 ಜನರಿಗೆ ಕೊಟ್ಟ. ಗಡುವೂ ತಪ್ಪಿತು, ಗುಣವೂ ಕೆಟ್ಟಿತು. ದೋಷ ತಿದ್ದುವ ಕೆಲಸ ಇದರಿಂದ ಒಂದು ವರ್ಷ ಲಂಬಿಸಿರಬೇಕು ಎಂದು 1975ರ ತನ್ನ ಪುಸ್ತಕದಲ್ಲಿ ಅವನೇ ಅಂದಾಜು ಮಾಡಿದ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ತುಂಬಿದರೆ ಅದು ಇನ್ನೂ ತಡವಾಗುತ್ತದೆಂಬ, ಈಗ ಅವನ ಹೆಸರಿನಲ್ಲೇ ಓಡಾಡುವ ನಿಯಮವೂ ಅದೇ ಪುಸ್ತಕದ್ದು. ಕಾರಣ ಸರಳ. 4 ಜನರ ನಡುವೆ ಮಾತುಕತೆಯ ಜೋಡಿಗಳು 6. 10 ಜನರಾದರೆ 45.

ಬೆಂಗಳೂರಿನಲ್ಲಿ ಈ ಪುಸ್ತಕವನ್ನು ಓದದವರು ಕಡಿಮೆ, ಪಾಲಿಸಿದವರು ಇನ್ನೂ ಕಡಿಮೆ. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಇಲ್ಲಿಗೆ ಬಂತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಆಮೇಲೆ ಊರಿಗೆ ಊರೇ ಬದಲಾಯಿತು. ಹೊರದೇಶದ ಗಿರಾಕಿಗೆ ಮಾಡುವ ಎಷ್ಟೋ ಕೆಲಸಕ್ಕೆ ಹಣ ಬರುತ್ತಿದ್ದದ್ದು ತಲೆ ಎಣಿಸಿ, ತಿಂಗಳು ಎಣಿಸಿ. ಆಳು ಹೆಚ್ಚಿದರೆ ಬಿಲ್ಲೂ ಹೆಚ್ಚು. ಹೀಗಿರುವಾಗ ಜನ ಬೇಡ ಎನ್ನುವ ತಂಡದ ಮುಖ್ಯಸ್ಥ ಯಾರಿಗೆ ಬೇಕು?

ಅಜ್ಜನ ಲೆಕ್ಕದಲ್ಲಿ ನಾನು ಕಲಿತದ್ದು ಅರ್ಧ ಮಾತ್ರ. ನಾಟಿಗೆ ಆಳು ಹೆಚ್ಚಿಸುವ ಅದೇ ರೈತ ನೀರಿನ ವಿಷಯದಲ್ಲಿ ಹಾಗೆ ಮಾಡುತ್ತಿರಲಿಲ್ಲ. ಕರ್ನಾಟಕದ ಕೆರೆಗಳ ಕೆಳಗೆ ತಲೆಮಾರುಗಳಿಂದ ನೀರು ಹಂಚಿದವನು ನೀರುಗಂಟಿ. ತೂಬು ತೆರೆಯುವವನು ಅವನು, ಮುಚ್ಚುವವನೂ ಅವನೇ. ಎಷ್ಟೋ ಊರುಗಳಲ್ಲಿ ಗದ್ದೆಯ ಒಡೆಯ ತಾನಾಗಿ ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. ಸುಗ್ಗಿಯಲ್ಲಿ ಎಲ್ಲರೂ ಅವನಿಗೆ ಕಾಳು ಅಳೆಯುತ್ತಿದ್ದರು, ಹಾಗಾಗಿ ಅವನು ಒಬ್ಬರ ಆಳಲ್ಲ. ಕೊನೆಯ ಗದ್ದೆ ಒಣಗಿದರೆ ಬೈಗುಳವೂ ಅವನಿಗೇ. ಬ್ರೂಕ್ಸ್ ಆ 10 ಜನರಿಗೆ ಕೊಡದೆ ಹೋದದ್ದು ಇಂಥ ತೂಬನ್ನೇ ಅನಿಸುತ್ತದೆ. ನೀರುಗಂಟಿ ಹೆಚ್ಚಾಗಿ ಊರ ಕಡುಬಡವರಲ್ಲೊಬ್ಬ, ಅದನ್ನು ಮರೆತು ಅವನನ್ನು ಹಾಡಿ ಹೊಗಳುವುದು ನನಗೆ ಇಷ್ಟವಿಲ್ಲ.

ಬ್ರೂಕ್ಸ್ ತೀರಿಕೊಂಡದ್ದು 2022ರ ನವೆಂಬರ್‌ನಲ್ಲಿ. ಸುದ್ದಿ ಓದಿದ ರಾತ್ರಿ, ರಾಜೀನಾಮೆ ಕೊಟ್ಟಿದ್ದ ಆ ಹುಡುಗಿಯ ನಂಬರ್ ಹುಡುಕಿ ಫೋನ್ ಮಾಡಿದೆ. ಸಭೆಯಲ್ಲಿ ಹೇಳಿದ್ದು ಸುಳ್ಳು, ತಪ್ಪು ನನ್ನದು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಜನ ಬೇಡ ಸರ್, ಒಂದು ತಿಂಗಳು ಸಮಯ ಕೇಳಿ ಅಂತ ನಾನು ಅವತ್ತೇ ಮೇಲ್ ಹಾಕಿದ್ದೆ. ನೀವು ಓದಿರಲಿಲ್ಲ ಅನ್ಸುತ್ತೆ."

ಓದಿದ್ದೆ. ಅದನ್ನೂ ಹೇಳಿದೆ.