ಪರಂಗಿ ರೋಗದಿಂದ ಸುಖವ್ಯಾಧಿಯವರೆಗೆ: ಗಡಿನಾಡಿನ ವಿದ್ಯಾರ್ಥಿಯ ತಿಳಿವಳಿಕೆ ಮತ್ತು ಮೌನ

'ಕನ್ನಡ ಎಂ.ಎ. ಓದೋರಿಗೆ ಲೈಂಗಿಕ ಸೋಂಕಿನ ವಿಷಯ ಯಾಕೆ?' ಎಂದು ಶೀರ್ಷಿಕೆ ನೋಡಿದ ಗೆಳೆಯರು ಕೇಳಿದರು. ನನಗೆ ಈ ವಿಷಯ ಸಿಕ್ಕಿದ್ದೇ ಪದಗಳ ಮೂಲಕ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮೂರು ಮಡಕಶಿರಾ ಸೀಮೆಯ ಅಮರಾಪುರ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಈ ಕಾಯಿಲೆಗಳಿಗೆ ತೆಲುಗಿನಲ್ಲಿ 'ಸುಖವ್ಯಾಧಿ' ಅಂತಾರೆ, ಕನ್ನಡದಲ್ಲಿ 'ಗುಪ್ತರೋಗ'. ಮೊದಲ ಪದ ರೋಗಿಯ ಮೇಲೆ ತಪ್ಪು ಹೊರಿಸುತ್ತದೆ, ಎರಡನೆಯದು ಅವನ ಬಾಯಿ ಮುಚ್ಚಿಸುತ್ತದೆ.

ಇದಕ್ಕೂ ಹಳೆಯ ಹೆಸರು 'ಪರಂಗಿ ರೋಗ', ಅಂದರೆ ಸಿಫಿಲಿಸ್. 16ನೇ ಶತಮಾನದ ಭಾವಮಿಶ್ರನ 'ಭಾವಪ್ರಕಾಶ'ದಲ್ಲಿ ಇದು 'ಫಿರಂಗ ರೋಗ'. ಪರಂಗಿಯವರು ಎಂದರೆ ಸಮುದ್ರ ದಾಟಿ ಬಂದ ಯುರೋಪಿನವರು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಪರಂಗಿ ಚಕ್ಕೆಯನ್ನು ಆ ಕಾಲದಲ್ಲಿ ಇದಕ್ಕೆ ಮದ್ದಾಗಿ ಕೊಡುತ್ತಿದ್ದರು. ಅತ್ತ ಯುರೋಪಿನಲ್ಲಿ ಇಟಲಿಯವರು ಇದನ್ನು ಫ್ರೆಂಚರ ರೋಗ ಎಂದರು, ಫ್ರೆಂಚರು ನೇಪಲ್ಸಿನ ರೋಗ ಎಂದರು. ಕಾಯಿಲೆ ಎಲ್ಲರಿಗೂ ಬಂತು, ಹೆಸರು ಮಾತ್ರ ಪಕ್ಕದವರದ್ದು.

ಆಮೇಲೆ ಈ ಆರೋಪ ಕಾನೂನೇ ಆಯಿತು. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಗುವವರೆಗೆ ನಮ್ಮ ಭಾಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಬಳ್ಳಾರಿ ದಂಡಿನ ಊರು. ಬ್ರಿಟಿಷ್ ಸಿಪಾಯಿಗಳ ಆರೋಗ್ಯ ಕಾಯಲು ಅಂಥ ಊರುಗಳಲ್ಲಿ 'ಲಾಕ್ ಆಸ್ಪತ್ರೆ' ನಡೆಸುತ್ತಿದ್ದರು. 1864ರ ದಂಡುಪ್ರದೇಶ ಕಾಯ್ದೆ ಮತ್ತು 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಅಡಿ ವೇಶ್ಯೆಯರೆಂದು ಪಟ್ಟಿ ಮಾಡಿದ ಹೆಂಗಸರನ್ನು ಬಲವಂತವಾಗಿ ಪರೀಕ್ಷಿಸಿ, ಸೋಂಕು ಕಂಡರೆ ಕೂಡಿಹಾಕುತ್ತಿದ್ದರು. ಸಿಪಾಯಿಗಳ ಮೇಲೆ ಅಂಥ ಕಾನೂನು ಇರಲಿಲ್ಲ. 1868ರ ಕಾಯ್ದೆ 1888ರಲ್ಲಿ ರದ್ದಾಯಿತು, ಆದರೆ 'ರೋಗ ಹೆಣ್ಣಿನಿಂದ ಬರುತ್ತೆ' ಅನ್ನೋ ಮಾತು ರದ್ದಾಗಲಿಲ್ಲ.

1986ರಲ್ಲಿ ಭಾರತದಲ್ಲಿ ಎಚ್‌.ಐ.ವಿ. ಮೊದಲು ಪತ್ತೆಯಾಯಿತು. ಪತ್ತೆಹಚ್ಚಿದವರಲ್ಲಿ ಒಬ್ಬರು ನಮ್ಮ ಹಾಗೆ ಸ್ನಾತಕೋತ್ತರ ವಿದ್ಯಾರ್ಥಿನಿ: ಮದ್ರಾಸ್ ಮೆಡಿಕಲ್ ಕಾಲೇಜಿನ ಸೆಲ್ಲಪ್ಪನ್ ನಿರ್ಮಲಾ. ಮಾರ್ಗದರ್ಶಕರು ಸುನೀತಿ ಸಾಲೊಮನ್. ಈ ವಿಷಯದ ಬಗ್ಗೆ ಮಾತಾಡಲು ನಿರ್ಮಲಾ ಕೂಡ ಮೊದಲು ಹಿಂಜರಿದಿದ್ದರು. ಹಿಂಜರಿಕೆ ದಾಟಿ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ಸಂಗ್ರಹಿಸಿದರು. ಅವುಗಳಲ್ಲಿ 6 ಮಾದರಿಗಳಲ್ಲಿ ಸೋಂಕು ಕಂಡಿತು.

ಈಗ ನನ್ನದೊಂದು ಮಾತು. ಡಿಗ್ರಿ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬ 'ಅಲ್ಲಿ ಹುಣ್ಣಾಗಿದೆ ಕಣೋ' ಅಂದ. ನಾನು ನಕ್ಕೆ. ಆಮೇಲೆ ಅವನು ನನಗೇನೂ ಹೇಳಲಿಲ್ಲ. ಬಸ್‌ಸ್ಟ್ಯಾಂಡ್ ಗೋಡೆಯ ಪೋಸ್ಟರ್ ನೋಡಿ ಲಾಡ್ಜಿನ 'ವೈದ್ಯ'ರ ಹತ್ತಿರ ಹೋಗಿ ತಿಂಗಳುಗಟ್ಟಲೆ ದುಡ್ಡು ಸುರಿದ. ಸರ್ಕಾರಿ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಅಂದಿದ್ದಕ್ಕೆ, 'ಚೀಟಿ ಬರೆಯೋರು ನಮ್ಮಪ್ಪನಿಗೆ ಗೊತ್ತು' ಅಂದ. ಕೊನೆಗೆ ಪೆನಿಸಿಲಿನ್ ಚುಚ್ಚುಮದ್ದಿನಿಂದ ವಾಸಿಯಾಯಿತು. ವಿಚಿತ್ರ ಅಂದ್ರೆ, ಡಿಸೆಂಬರ್ 1ರ ಏಡ್ಸ್ ದಿನದ ಪ್ರಬಂಧ ಸ್ಪರ್ಧೆಯಲ್ಲಿ ಅವನಿಗೆ ಬಹುಮಾನ ಬಂದಿತ್ತು.

ಹಾಗಾಗಿ ನನ್ನ ವಾದ ಇಷ್ಟೇ. ನಮಗೆ ಮಾಹಿತಿ ಇಲ್ಲವೆಂದಲ್ಲ. ಅದು ಪರೀಕ್ಷೆಯ ಉತ್ತರವಾಗಿ ಇದೆ, ಆಡುವ ಮಾತಾಗಿ ಇಲ್ಲ. ಸಿಫಿಲಿಸ್, ಗೊನೊರಿಯಾ ಔಷಧದಿಂದ ವಾಸಿಯಾಗುತ್ತವೆ. ಹೆಪಟೈಟಿಸ್ ಬಿ, ಎಚ್‌.ಪಿ.ವಿ.ಗೆ ಲಸಿಕೆ ಇದೆ. ಅನೇಕ ಸೋಂಕುಗಳು ಲಕ್ಷಣವನ್ನೇ ತೋರಿಸುವುದಿಲ್ಲ, ಪರೀಕ್ಷೆಯೇ ದಾರಿ. ಸರ್ಕಾರಿ ಆಸ್ಪತ್ರೆಗಳ 'ಸುರಕ್ಷಾ ಕ್ಲಿನಿಕ್'ಗಳು ಇದಕ್ಕೆಂದೇ ಇವೆ. 1097ಕ್ಕೆ ಫೋನ್ ಮಾಡಿ ಮಾತಾಡಬಹುದು.

'ಲೈಂಗಿಕ ಸೋಂಕು' ಎಂಬ ಪದದಲ್ಲಿ ಪರಂಗಿಯವನೂ ಇಲ್ಲ, ಸುಖವೂ ಇಲ್ಲ, ಗುಟ್ಟೂ ಇಲ್ಲ. ಅದನ್ನು ತರಗತಿಯಲ್ಲಿ, ಹಾಸ್ಟೆಲಿನಲ್ಲಿ ನಗದೆ ಬಳಸುವುದು ಭಾಷೆ ಓದುವ ನಮ್ಮ ಕೆಲಸ. ಅವತ್ತು ನಾನು ನಗದೇ ಇದ್ದಿದ್ದರೆ ಗೆಳೆಯನ ಆ ತಿಂಗಳುಗಳು ಉಳಿಯುತ್ತಿದ್ದವು.

ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.