ಉಪ್ಪುನೀರಿನಿಂದ ಒಣಪಟ್ಟಿಗೆ

ಹೃದಯದ ಮಿಡಿತವನ್ನು ಕಾಗದದ ಮೇಲೆ ಬರೆಯಿಸಿಕೊಂಡ ಕಥೆಯನ್ನು ಯಂತ್ರದ ಕಥೆಯೆಂದು ಹೇಳುವುದು ವಾಡಿಕೆ. ವಿಚಾರಿಸಿ ನೋಡಿದರೆ ಅದು ಅಷ್ಟೇ ಮಟ್ಟಿಗೆ ಚರ್ಮದ ಕಥೆಯೂ ಹೌದು.

ಹೃದಯದ ವಿದ್ಯುತ್ತು ಮೈಮೇಲೆ ತೋರುವುದು ಒಂದು ವೋಲ್ಟಿನ ಸುಮಾರು ಸಾವಿರದಲ್ಲೊಂದು ಪಾಲಿನಷ್ಟು. 1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಮನುಷ್ಯನ ಈ ಸಂಕೇತವನ್ನು ಮೈಯ ಹೊರಗಿನಿಂದಲೇ ದಾಖಲಿಸಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾಲೆಂಡಿನ ವಿಲ್ಲೆಮ್ ಐಂಥೋವೆನ್ ಅದಕ್ಕೆ ಸ್ಪಷ್ಟ ರೇಖೆಯನ್ನು ಕೊಟ್ಟನು. 1924ರ ನೊಬೆಲ್ ಬಹುಮಾನ ಆತನಿಗೆ ಸಂದಿತು. ಸುಮಾರು 270 ಕಿಲೋ ತೂಗುತ್ತಿದ್ದ ಆತನ ಯಂತ್ರಕ್ಕಾಗಿ ರೋಗಿಯು ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು.

ಉಪ್ಪುನೀರೇಕೆ? ದೇಹದೊಳಗೆ ವಿದ್ಯುತ್ತನ್ನು ಹೊರುವವು ಅಯಾನುಗಳು, ತಂತಿಯಲ್ಲಿ ಎಲೆಕ್ಟ್ರಾನುಗಳು. ನಡುವೆ ಸತ್ತ ಜೀವಕೋಶಗಳ ಒಣಗೋಡೆಯಾದ ಹೊರಚರ್ಮ. ಎರಡು ಕಡೆಗೂ ಮಾತು ತಿಳಿಸಲು ದುಭಾಷಿ ಬೇಕು. ಕನ್ನಡ, ಮರಾಠಿಗಳೆರಡೂ ಆಡುವ ನಿಪ್ಪಾಣಿಯ ಸಂತೆಯಲ್ಲಿ ನಿಂತವರಿಗೆ ದುಭಾಷಿಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ.

ಮುಂದೆ ಪಾತ್ರೆಗಳು ಹೋಗಿ, ಬೆಳ್ಳಿಯ ಬಿಲ್ಲೆಯೂ ಅದರಡಿಯ ಜೆಲ್ಲೂ ಬಂದವು. ಆಸ್ಪತ್ರೆಯ ಕೆಲವು ನಿಮಿಷಗಳಿಗೆ ಅವು ಸಾಕು. ಆದರೆ ತಾಳ ತಪ್ಪುವ ಹೃದಯ ವೈದ್ಯರ ವೇಳೆಯನ್ನು ನೋಡಿ ತಪ್ಪುವುದಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಕಟಾವಿನಲ್ಲಿ ಬಗ್ಗಿದವನ, ನಿಪ್ಪಾಣಿಯಲ್ಲಿ ಬೀಡಿ ಸುತ್ತುವವಳ ಎದೆ ಮಧ್ಯಾಹ್ನ ಕೆಟ್ಟು ಮರುದಿನ ಸರಿಯಾಗಿರಬಹುದು. ದಿನಗಟ್ಟಲೆ ದಾಖಲಿಸೋಣವೆಂದರೆ ಜೆಲ್ ಒಣಗುತ್ತದೆ, ಚರ್ಮ ತುರಿಸುತ್ತದೆ.

ಜೆಲ್ಲಿಲ್ಲದ ಒಣ ಎಲೆಕ್ಟ್ರೋಡಿನ ಅಗತ್ಯ ಇಲ್ಲಿದೆ. ಮೀಟರಿನ ನೂರು ಕೋಟಿಯಲ್ಲೊಂದು ಪಾಲು ನ್ಯಾನೋಮೀಟರು. ಆ ಅಳತೆಯ ಇಂಗಾಲದ ನಳಿಗೆಗಳನ್ನೋ ಬೆಳ್ಳಿಯ ನೂಲನ್ನೋ ರಬ್ಬರಿನಂಥ ವಸ್ತುವಿನಲ್ಲಿ ಬೆರೆಸಿದರೆ, ಬಾಗುವ, ವಿದ್ಯುತ್ತು ಹರಿಯುವ ಪಟ್ಟಿಯಾಗಿ ಅದು ಚರ್ಮದ ಸುಕ್ಕುಗಳಲ್ಲಿ ಕೂರುತ್ತದೆ. 2004ರಲ್ಲಿ ಬೇರ್ಪಡಿಸಲ್ಪಟ್ಟ ಗ್ರಾಫೀನಿನಿಂದ ಅಮೆರಿಕದ ಟೆಕ್ಸಾಸಿನ ಸಂಶೋಧಕರು 2017ರಲ್ಲಿ ಅರ್ಧ ಮೈಕ್ರಾನಿಗಿಂತ ತೆಳುವಾದ ಹಚ್ಚೆಯನ್ನೇ ಮಾಡಿ ಹೃದಯದ ಸಂಕೇತವನ್ನು ಹಿಡಿದರು. ನಮ್ಮ ನಾಡಿನಲ್ಲೂ ಈ ವಸ್ತುಗಳ ವಿದ್ಯೆ ಹೊಸತಲ್ಲ, ಬೆಂಗಳೂರಿನಲ್ಲಿ ಸಿ. ಎನ್. ಆರ್. ರಾವ್ ಅವರು ಇಂಗಾಲದ ನಳಿಗೆ, ಗ್ರಾಫೀನುಗಳ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ.

ಮೈ ಅಲುಗಿದಾಗ ರೇಖೆ ಕದಡುವ ದೋಷ ಒಣಪಟ್ಟಿಗೆ ಇದ್ದೇ ಇದೆ. ಆದರೂ ಒಂದು ಸಂಗತಿ ಸ್ವಾರಸ್ಯಕರ: ಪಟ್ಟಿಯಡಿ ತೆಳುವಾಗಿ ಬೆವರು ಕೂಡಿದಂತೆ ಸಂಪರ್ಕ ಉತ್ತಮಗೊಳ್ಳುತ್ತದೆ. ಐಂಥೋವೆನ್ ಪಾತ್ರೆಯಲ್ಲಿ ಒದಗಿಸಿದ ಉಪ್ಪುನೀರನ್ನು ದುಡಿಯುವವನ ಮೈಯೇ ಒದಗಿಸುತ್ತದೆ.