ಬ್ರಿಟನ್ನಿನ ಕಲ್ಲಿದ್ದಲು ವ್ಯಾಗನ್ನು ಮತ್ತು ಅದರ ಕಿರುಮಾದರಿ

ಬ್ರಿಟನ್ನಿನ ರೈಲುಮಾರ್ಗಗಳಲ್ಲಿ ಎರಡನೆಯ ಮಹಾಯುದ್ಧದವರೆಗೆ ಓಡಾಡಿದ ಕಲ್ಲಿದ್ದಲು ವ್ಯಾಗನ್ನುಗಳಲ್ಲಿ ದೊಡ್ಡ ಪಾಲು ರೈಲ್ವೆ ಕಂಪನಿಗಳ ಸ್ವತ್ತಾಗಿರಲಿಲ್ಲ. ಗಣಿಯ ಒಡೆಯರು, ಇದ್ದಲು ವರ್ತಕರು, ಅನಿಲ ಕಾರ್ಖಾನೆಯವರು ಅವನ್ನು ತಮ್ಮ ಹಣದಿಂದ ಕೊಂಡೋ ಬಾಡಿಗೆಗೆ ಪಡೆದೋ ಓಡಿಸುತ್ತಿದ್ದರು. 1939ರ ವೇಳೆಗೆ ಐದು ಲಕ್ಷವನ್ನು ಮೀರಿದ್ದ ಈ ಖಾಸಗಿ ವ್ಯಾಗನ್ನುಗಳ ಪಕ್ಕದ ಹಲಗೆಗಳ ಮೇಲೆ ಒಡೆಯನ ಹೆಸರನ್ನೂ ಊರನ್ನೂ ದಪ್ಪಕ್ಷರಗಳಲ್ಲಿ ಬರೆಸುವುದು ರೂಢಿಯಾಗಿದ್ದರಿಂದ, ಆಟಿಕೆ ತಯಾರಕರ ಕಣ್ಣು ಮೊದಲು ಬಿದ್ದದ್ದು ಆ ಬಣ್ಣದ ಬರಹದ ಮೇಲೆ. ಒಂದೇ ತಗಡಿನ ಪೆಟ್ಟಿಗೆಗೆ ಹತ್ತು ಹೆಸರು ಮುದ್ರಿಸಿ ಹತ್ತು ವ್ಯಾಗನ್ನು ಎಂದು ಮಾರುವುದು ಸುಲಭವಾಗಿತ್ತು. ಮೂಲ ವ್ಯಾಗನ್ನಿನ ವಿವರಗಳಿಗೆ ನಿಷ್ಠವಾಗಿರಬೇಕೆಂಬ ಹಟ ಮಾದರಿಕಾರರಲ್ಲಿ ಬೆಳೆದದ್ದು ನಿಧಾನವಾಗಿ. ಅದು ಹಲಗೆಯ ಮೇಲಿನ ಹೆಸರಿನಿಂದ ಹಲಗೆಯ ಕೆಳಗಿನ ಅಡಿಗಟ್ಟಿನತ್ತ ಇಳಿಯಲು ಇನ್ನೂ ತಡವಾಯಿತು.

ಅಡಿಗಟ್ಟಿನ ಚರಿತ್ರೆ ರೈಲ್ವೇ ಕ್ಲಿಯರಿಂಗ್ ಹೌಸಿನ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಬೇರೆಬೇರೆ ಕಂಪನಿಗಳ ಮಾರ್ಗಗಳ ಮೇಲೆ ಸಾಗುವ ಸರಕಿನ ಬಾಡಿಗೆಯನ್ನು ಅವುಗಳ ನಡುವೆ ಹಂಚುವುದಕ್ಕಾಗಿ 1842ರಲ್ಲಿ ಆರಂಭವಾದ ಈ ಸಂಸ್ಥೆ, ಒಬ್ಬನ ಕಳಪೆ ವ್ಯಾಗನ್ನು ಮುರಿದರೆ ಇನ್ನೊಬ್ಬನ ಮಾರ್ಗವೂ ನಿಲ್ಲುತ್ತದೆ ಎಂಬ ಕಾರಣಕ್ಕೆ, ಖಾಸಗಿ ವ್ಯಾಗನ್ನುಗಳ ನಿರ್ಮಾಣಕ್ಕೂ 1887, 1907 ಮತ್ತು 1923ರಲ್ಲಿ ನಿಯಮಾವಳಿಗಳನ್ನು ಹೊರಡಿಸಿತು. 1923ರ ನಿಯಮದಂತೆ ಕಟ್ಟಿದ 12 ಟನ್ನಿನ ವ್ಯಾಗನ್ನಿನ ಚೌಕಟ್ಟು 16 ಅಡಿ 6 ಅಂಗುಲ ಉದ್ದವಿದ್ದು, ಎರಡು ಅಚ್ಚುಗಳ ನಡುವಿನ ದೂರ 9 ಅಡಿಯಾಗಿತ್ತು. ಅಡಿಗೆ 4 ಮಿಲಿಮೀಟರಿನ ಪ್ರಮಾಣದಲ್ಲಿ ಇವು 66 ಮತ್ತು 36 ಮಿಲಿಮೀಟರ್ ಆಗುತ್ತವೆ. ಅದಕ್ಕಿಂತ ಹಳೆಯ ವ್ಯಾಗನ್ನುಗಳಲ್ಲಿ 15 ಅಡಿಯವೂ 16 ಅಡಿಯವೂ ಬಹಳವಿದ್ದುದರಿಂದ, 1910ರ ವರ್ತಕನೊಬ್ಬನ ಹೆಸರನ್ನು 1923ರ ಪೆಟ್ಟಿಗೆಯ ಮೇಲೆ ಅಂಟಿಸಿದಾಗ ಆಗುವ ತಪ್ಪು ಕೆಲವೇ ಮಿಲಿಮೀಟರಿನದಾದರೂ, ಅಚ್ಚಿನ ತುದಿಯನ್ನು ಹೊತ್ತ ಪೆಟ್ಟಿಗೆಯಲ್ಲಿ ಗ್ರೀಸಿದೆಯೋ ಎಣ್ಣೆಯಿದೆಯೋ ಎಂಬಲ್ಲಿಯವರೆಗೆ ಅದು ಹಬ್ಬುತ್ತದೆ.

ತಪ್ಪುಗಳು ಹೆಚ್ಚು ಬೇರುಬಿಟ್ಟಿರುವುದು ಬ್ರೇಕಿನಲ್ಲಿ. ಹಳೆಯ ವ್ಯಾಗನ್ನುಗಳಿಗೆ ಒಂದೇ ಪಕ್ಕದಲ್ಲಿ ಕೈಬ್ರೇಕಿನ ಸನ್ನೆಗೋಲು ಇರುತ್ತಿದ್ದುದರಿಂದ, ಯಾರ್ಡಿನಲ್ಲಿ ವ್ಯಾಗನ್ನುಗಳನ್ನು ಬೇರ್ಪಡಿಸಿ ಜೋಡಿಸುವ ಶಂಟರು ಅತ್ತ ಕಡೆಯ ಸನ್ನೆಯನ್ನು ಹಿಡಿಯಲು ಚಲಿಸುವ ಗಾಡಿಗಳ ನಡುವೆ ನುಸುಳಬೇಕಾಗುತ್ತಿತ್ತು, ಮತ್ತು ಹಾಗೆ ನುಸುಳಿದವರಲ್ಲಿ ಕೈಕಾಲು, ಪ್ರಾಣ ಕಳೆದುಕೊಂಡವರು ಕಡಿಮೆಯಲ್ಲ. ರೈಲ್ವೆ ನೌಕರರ ಅಪಘಾತಗಳನ್ನು ತಡೆಯಲು 1900ರಲ್ಲಿ ಬಂದ ಕಾಯಿದೆಯ ಅಡಿಯಲ್ಲಿ ಬೋರ್ಡ್ ಆಫ್ ಟ್ರೇಡ್ 1911ರಲ್ಲಿ ಮಾಡಿದ ನಿಯಮಗಳು, ಹೊಸ ವ್ಯಾಗನ್ನಿಗೆ ಎರಡೂ ಪಕ್ಕ ಸನ್ನೆಗೋಲಿರಬೇಕೆಂದೂ, ವ್ಯಾಗನ್ನಿಗೆ ಎದುರಾಗಿ ನಿಂತವನಿಗೆ ಅದು ಬಲತುದಿಯಲ್ಲಿ ಸಿಗಬೇಕೆಂದೂ ವಿಧಿಸಿ, ಹಳೆಯವಕ್ಕೆ ಹಲವು ವರ್ಷಗಳ ಗಡುವು ಕೊಟ್ಟವು. ಇಲ್ಲಿ ಒಂದು ಜ್ಯಾಮಿತಿಯ ತೊಡಕು ಹುಟ್ಟುತ್ತದೆ. ಎರಡು ಪಕ್ಕಗಳ ಸನ್ನೆಗಳೂ ತಂತಮ್ಮ ಬಲಕ್ಕೆ ಚಾಚಿದ್ದು, ವ್ಯಾಗನ್ನಿನ ಅಡ್ಡಕ್ಕೆ ಹಾಯುವ ಒಂದೇ ದಂಡಕ್ಕೆ ಜೋಡಿಸಲ್ಪಟ್ಟಿದ್ದರೆ, ಒಂದನ್ನು ಒತ್ತಿದಾಗ ದಂಡ ತಿರುಗುವ ದಿಕ್ಕಿಗೆ ಇನ್ನೊಂದನ್ನು ಒತ್ತಿದಾಗ ತಿರುಗುವ ದಿಕ್ಕು ವಿರುದ್ಧವಾಗಿರುತ್ತದೆ. ಒಂದು ಬ್ರೇಕ್ ಹಾಕಿದರೆ ಮತ್ತೊಂದು ಬಿಡಿಸುತ್ತದೆ. ಮಾರ್ಟನ್ ಬ್ರೇಕಿನಲ್ಲಿ ಒಂದು ಪಕ್ಕಕ್ಕೆ ಮಾತ್ರ ಚಲನೆಯನ್ನು ತಿರುವುಮುರುವು ಮಾಡುವ ಕ್ಲಚ್ಚನ್ನು ಇಟ್ಟು ಈ ತೊಡಕನ್ನು ಬಿಡಿಸಲಾಯಿತು. ಇನ್ನೊಂದು ವಿಧಾನದಲ್ಲಿ ಅಡ್ಡದಂಡವನ್ನೇ ಕೈಬಿಟ್ಟು, ಪ್ರತಿ ಪಕ್ಕಕ್ಕೂ ಸ್ವತಂತ್ರವಾದ ಸನ್ನೆಯನ್ನೂ ಬ್ರೇಕ್ ಬ್ಲಾಕುಗಳನ್ನೂ ಕೊಡಲಾಯಿತು. ಅಚ್ಚಿನ ಖರ್ಚು ಉಳಿಸಲು ಎರಡು ಪಕ್ಕಗಳನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಕಿಟ್ಟಿನಲ್ಲಿ ಈ ಎರಡು ವಿಧಾನಗಳು ಒಂದರೊಳಗೊಂದು ಬೆರೆತು, ಯಾವ ಗಾಲಿಯನ್ನೂ ನಿಲ್ಲಿಸಲಾರದ ಯಂತ್ರವೊಂದು ತಯಾರಾಗುತ್ತದೆ.

ಬಿಳಿಯ ಓರೆಪಟ್ಟೆಯದೂ ಇಂಥದೇ ಕಥೆ. ಬಂದರಿನಲ್ಲಿ ವ್ಯಾಗನ್ನನ್ನು ಮುಂದಕ್ಕೆ ವಾಲಿಸಿ ಇದ್ದಲನ್ನು ಹಡಗಿಗೆ ಸುರಿಯಲು ಒಂದು ತುದಿಯಲ್ಲಿ ಬಾಗಿಲಿರುತ್ತಿತ್ತು. ಪಟ್ಟೆ ಆ ತುದಿಯತ್ತ ಏರಿ ಕೆಲಸಗಾರನಿಗೆ ಗುರುತಾಗುತ್ತಿತ್ತು. ಆದ್ದರಿಂದ ಒಂದು ಪಕ್ಕದಲ್ಲಿ ಅದು ಬಲಕ್ಕೇರಿದರೆ ಇನ್ನೊಂದು ಪಕ್ಕದಲ್ಲಿ ಎಡಕ್ಕೇರಲೇಬೇಕು.

ಇಂಥ ವಿವರಗಳನ್ನು ಹೇಳುವ ಮುಖ್ಯ ಆಕರ ತಯಾರಕರ ಛಾಯಾಚಿತ್ರಗಳು. 1860ರಲ್ಲಿ ಹುಟ್ಟಿದ ಗ್ಲಾಸ್ಟರ್ ರೈಲ್ವೇ ಕ್ಯಾರೇಜ್ ಅಂಡ್ ವ್ಯಾಗನ್ ಕಂಪನಿ ತನ್ನ ಕಾರ್ಖಾನೆಯಿಂದ ಹೊರಟ ವ್ಯಾಗನ್ನುಗಳ ಚಿತ್ರಗಳನ್ನು ತೆಗೆಸಿಡುತ್ತಿದ್ದುದು ಈ ವಿದ್ಯೆಗೆ ದೊರೆತ ಭಾಗ್ಯವೆನ್ನಬೇಕು. ಆದರೆ ಅವು ಹೊಸ ಸರಕನ್ನು ಮೆರೆಸಲು ತೆಗೆದವೇ ಹೊರತು ಇದ್ದಲ ಧೂಳು ಮೆತ್ತಿದ ದುಡಿಮೆಯ ದಿನಗಳವಲ್ಲ. ಮೇಲಾಗಿ ಅಂದಿನ ಗಾಜಿನ ಫಲಕಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲವಾಗಿ ಕೆಂಪು ಬಣ್ಣ ಕಪ್ಪಾಗಿಯೂ ನೀಲಿ ಬಿಳಚಿಯೂ ಮೂಡುತ್ತಿದ್ದವು. ಅಳತೆಗೆ ಆ ಚಿತ್ರವನ್ನು ನಂಬಬಹುದು, ಬಣ್ಣಕ್ಕೆ ನಂಬಲಾಗದು.

1939ರ ಸೆಪ್ಟೆಂಬರಿನಲ್ಲಿ ಸರಕಾರ ಖಾಸಗಿ ವ್ಯಾಗನ್ನುಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ಯಾವುದನ್ನು ಎಲ್ಲಿಗೆ ಬೇಕಾದರೂ ಕಳುಹಿಸಲು ತೊಡಗಿದ ಮೇಲೆ ಹೆಸರುಗಳಿಗೆ ಅರ್ಥ ಉಳಿಯಲಿಲ್ಲ. ಮುರಿದ ಹಲಗೆಯ ಜಾಗಕ್ಕೆ ಬಣ್ಣವಿಲ್ಲದ ಹಲಗೆ ಬಂತು, ಅಕ್ಷರಗಳು ತುಂಡಾದವು. 1948ರ ರಾಷ್ಟ್ರೀಕರಣದ ನಂತರ ಈ ವ್ಯಾಗನ್ನುಗಳ ಸಂಖ್ಯೆಗಳ ಮುಂದೆ 'ಪಿ' ಅಕ್ಷರ ಸೇರಿತು. 16 ಟನ್ನಿನ ಉಕ್ಕಿನ ವ್ಯಾಗನ್ನುಗಳು ಅವುಗಳ ಜಾಗವನ್ನು ಬೇಗ ಆಕ್ರಮಿಸಿದವು. 1950ರ ದಶಕದ ನಿಲ್ದಾಣವನ್ನು ಕಟ್ಟಿ, ಅದರಲ್ಲಿ ಥಳಥಳಿಸುವ ಹೆಸರಿನ ವ್ಯಾಗನ್ನುಗಳನ್ನು ನಿಲ್ಲಿಸುವುದು ಆದ್ದರಿಂದ ಕಾಲದೋಷ.

ಇಷ್ಟಾದರೂ ಮಾದರಿಯ ಹಳಿಯೇ ಬಹುಕಾಲ ಕಿರಿದಾಗಿತ್ತು. ಬ್ರಿಟನ್ನಿನ ಎಂಜಿನ್ನುಗಳು ಗಾತ್ರದಲ್ಲಿ ಚಿಕ್ಕವಾದ್ದರಿಂದ ಮೋಟಾರು ಹಿಡಿಸಲೆಂದು ಒಡಲನ್ನು ಅಡಿಗೆ 4 ಮಿಲಿಮೀಟರಿಗೆ ಹಿಗ್ಗಿಸಿ, ಅಡಿಗೆ 3.5 ಮಿಲಿಮೀಟರಿನ ಮಾದರಿಗಳಿಗಾಗಿ ಇದ್ದ 16.5 ಮಿಲಿಮೀಟರಿನ ಹಳಿಯನ್ನೇ ಉಳಿಸಿಕೊಂಡದ್ದರ ಫಲವಿದು. 4 ಅಡಿ 8½ ಅಂಗುಲದ ನಿಜವಾದ ಅಗಲಕ್ಕೆ 18.83 ಮಿಲಿಮೀಟರ್ ಬೇಕು. 1966ರಲ್ಲಿ ಪ್ರೋಟೋಫೋರ್ ಎಂಬ ಮಾನದಂಡ ಆ ಅಳತೆಯನ್ನೇ ಹಿಡಿದು, ಗಾಲಿಯ ಅಂಚನ್ನೂ ಪ್ರಮಾಣಕ್ಕೆ ತಕ್ಕಂತೆ ತೆಳುವಾಗಿಸಿತು. ಅಂಥ ತೆಳು ಅಂಚು ಏರುತಗ್ಗಿನ ಹಳಿಯ ಮೇಲೆ ನಿಲ್ಲಬೇಕಾದರೆ ನಾಲ್ಕು ಗಾಲಿಗಳೂ ಸ್ವಲ್ಪ ಸ್ವಲ್ಪ ಆಡುವಂತಿರಬೇಕಾದ್ದರಿಂದ, ಹವ್ಯಾಸಿಗಳು ಕಿಟ್ಟಿನ ಪ್ಲಾಸ್ಟಿಕ್ ಅಡಿಗಟ್ಟನ್ನು ಕತ್ತರಿಸಿ, ಆಮ್ಲದಿಂದ ಕೊರೆದ ತೆಳು ಹಿತ್ತಾಳೆ ತಗಡಿನ ಭಾಗಗಳನ್ನು ಕೂರಿಸತೊಡಗಿದರು. ಬ್ರೇಕಿನ ಸನ್ನೆ, ಕ್ಲಚ್ಚು, ಅಡ್ಡದಂಡಗಳೂ ಹೀಗೆ ಬಿಡಿಬಿಡಿಯಾಗಿ ದೊರೆಯುವಂತಾದ ಮೇಲೆ ಯಾವುದನ್ನು ಯಾವ ಪಕ್ಕಕ್ಕೆ ಇಡಬೇಕೆಂಬ ತೀರ್ಮಾನ ಅಚ್ಚು ಮಾಡುವವನ ಕೈಯಿಂದ ಜಾರಿ, ಮೂಲ ವ್ಯಾಗನ್ನಿನ ಚಿತ್ರವನ್ನು ಮುಂದಿಟ್ಟುಕೊಂಡು ಕುಳಿತ ಕಟ್ಟುಗಾರನ ಪಾಲಿಗೆ ಬಂತು.